ಲಾಕ್‌ಡೌನಿನಲ್ಲಿ ಪಂಕ್ ಕೇಳೋಕೆ ಯಾವುದು ಮೇಲು: ಇಯರ್‌ಫೋನೋ, ಮಾಳಿಗೆಯೋ, ಲೈವ್ ಶೋನೋ, ಗಿಟಾರೋ, ಅಪ್ಪನ ಟೇಪೋ?

ನಮ್ಮ ಮನೆ ಧಾರವಾಡದ ಮಾಳಮಡ್ಡಿಯಲ್ಲಿ. ಈ ಓಣಿಯಲ್ಲಿ ಸಂಗೀತ ಅಂದ್ರೆ ಒಂದೇ ಸಂಗೀತ. ಎಡಮನೆಯಿಂದ ತಂಬೂರಿ, ಹಿಂದಿನ ಮನೆಯಿಂದ ತಬಲಾ. ಮಲ್ಲಿಕಾರ್ಜುನ ಮನ್ಸೂರರ ಊರಲ್ವಾ, ಇರೋದೇ. ಅಂಥ ಕಡೆ ನಾನೊಬ್ಬ ಪಂಕ್ ಹುಚ್ಚ, ಅಂದ್ರೆ ಜೋರು ಗಿಟಾರಿನ, ವೇಗದ ರಾಕ್ ಸಂಗೀತದ ಹುಚ್ಚ. “ನಾನು ಪಂಕ್ ಫ್ಯಾನ್” ಅಂತ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದೆ. ಅಪ್ಪ ಪೇಪರಿನಿಂದ ತಲೆ ಎತ್ತಿದರು. “ಪಂಖಾ ಅಂದ್ರೂ ಫ್ಯಾನ, ಫ್ಯಾನ್ ಅಂದ್ರೂ ಫ್ಯಾನ. ಎರಡೆರಡು ಸಲ ಯಾಕ ಹೇಳ್ತೀ?”

ಲಾಕ್‌ಡೌನಿಗೆ ಮೊದಲು ಈ ಹುಚ್ಚಿಗೆ ಒಂದು ಜಾಗ ಇತ್ತು. ಹುಬ್ಬಳ್ಳಿ ವಿದ್ಯಾನಗರದಲ್ಲಿ ಗೆಳೆಯನ ರೂಮು, ಒಂದು ಹಳೇ ಆಂಪ್ಲಿಫೈಯರು, ಶನಿವಾರದ ಸಂಜೆ. ಚಿಗರಿ ಬಸ್ ಹತ್ತಿದರೆ ಆಯಿತು. ವರ್ಷಕ್ಕೆ ಒಂದೆರಡು ಸಲ ರಾತ್ರಿ ಬಸ್ಸಿಗೆ ಬೆಂಗಳೂರು. ಅಲ್ಲೊಂದು ಶೋ, ಬೆವರು, ನೂಕಾಟ, ಮರುದಿನ ಕುತ್ತಿಗೆ ನೋವು. 2020ರ ಮಾರ್ಚ್ 25ಕ್ಕೆ ಎಲ್ಲ ಬಂದ್. ಹುಬ್ಬಳ್ಳಿ ಇರೋದು 20 ಕಿಲೋಮೀಟರ್ ದೂರದಲ್ಲಿ. ಆದರೆ ಚಿಗರಿಯೂ ಇಲ್ಲ, ಬೈಕಿಗೆ ಪಾಸೂ ಇಲ್ಲ.

ಆಮೇಲಿನ ಒಂದು ವರ್ಷ ಚಿಲ್ಲರೆಯಲ್ಲಿ ಐದು ಥರ ಮಾಡಿ ನೋಡಿದೆ. ಹೋಲಿಸೋಕೆ ಅನುಕೂಲ ಆಗಲಿ ಅಂತ ಆದಷ್ಟೂ ಒಂದೇ ಆಲ್ಬಂ ಹಿಡಿದುಕೊಂಡೆ. ರಮೋನ್ಸ್ ಬ್ಯಾಂಡಿನ ಮೊದಲನೆಯದು, 1976ರದ್ದು. 14 ಹಾಡು, ಎಲ್ಲ ಸೇರಿ 29 ನಿಮಿಷ. ಅಷ್ಟು ಹೊತ್ತಿಗೆ ನಮ್ಮ ಓಣಿಯಲ್ಲಿ ಒಂದು ವಿಲಂಬಿತ ಖ್ಯಾಲ್ ಇನ್ನೂ ಕಾಲು ಚಾಚಿ ಕೂತಿರುತ್ತದೆ.

ಮೊದಲು ಇಯರ್‌ಫೋನ್. ನನ್ನದು ವೈರಿನದು, ಬಲಗಡೆಯದು ಸತ್ತಿತ್ತು. ಒಂದು ಕಿವಿಯಲ್ಲಿ ಕೇಳಿದರೇನು ಮಹಾ ಅಂದುಕೊಂಡು ಹಚ್ಚಿದರೆ ಹಾಡಿನಲ್ಲಿ ಗಿಟಾರೇ ಇಲ್ಲ! ಬೇಸ್ ಇದೆ, ಡ್ರಮ್ಸ್ ಇದೆ, ಬ್ಯಾಂಡಿನ ಹಾಡುಗಾರ ಜೋಯಿ ಹಾಡುತ್ತಿದ್ದಾನೆ, ಗಿಟಾರ್ ಮಾತ್ರ ಗಾಯಬ್. ಹೂರಣ ಇಲ್ಲದ ಹೋಳಿಗೆ. ಫೈಲೇ ಕೆಟ್ಟಿದೆ ಅಂತ ಎರಡು ಸಲ ಡಿಲೀಟ್ ಮಾಡಿ ಮತ್ತೆ ಇಳಿಸಿಕೊಂಡೆ. ಆಮೇಲೆ ಗೊತ್ತಾಯಿತು, ಆ ಆಲ್ಬಂ ಮಿಕ್ಸ್ ಮಾಡಿರೋದೇ ಹಾಗೆ. ಬೇಸ್ ಎಡಕ್ಕೆ, ಗಿಟಾರ್ ಬಲಕ್ಕೆ, ಡ್ರಮ್ಸು ಮತ್ತು ದನಿ ನಡುವೆ. ಹೊಸ ಇಯರ್‌ಫೋನ್ ತಗೊಳ್ಳೋಣ ಅಂದ್ರೆ ಅಂಗಡಿ ಬಾಗಿಲು ಹಾಕಿದ್ದವು. ಆನ್‌ಲೈನಿನಲ್ಲೂ ಆ ಏಪ್ರಿಲ್ ತಿಂಗಳು ಅಗತ್ಯದ ಸಾಮಾನು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಕೊನೆಗೆ ಫೋನಿನ ಸೆಟ್ಟಿಂಗಿನಲ್ಲಿ ಮೋನೋ ಆಡಿಯೋ ಅನ್ನೋದು ಸಿಕ್ಕಿತು. ಅದನ್ನು ಒತ್ತಿದರೆ ಎರಡೂ ಕಡೆಯದು ಕೂಡಿ ಒಂದೇ ಕಿವಿಗೆ ಬರುತ್ತದೆ. ಇದೊಂದು ಉಪಕಾರ ಆಯಿತು. ಉಳಿದಂತೆ ಇಯರ್‌ಫೋನಿನ ಬಗ್ಗೆ ಹೇಳೋಕೆ ಹೆಚ್ಚೇನೂ ಇಲ್ಲ. ಖರ್ಚಿಲ್ಲ, ಯಾರ ತಕರಾರೂ ಇಲ್ಲ. ತಕರಾರೇ ಇಲ್ಲದ ಪಂಕ್ ಅಂದ್ರೆ ಉಪ್ಪಿಲ್ಲದ ಗಿರಮಿಟ್ಟು. ಕತ್ತಲಲ್ಲಿ ಮಲಗಿ ಸುಮ್ನೆ ಕಾಲು ಅಲ್ಲಾಡಿಸೋದಷ್ಟೇ.

ಹಾಗಾಗಿ ಮಾಳಿಗೆ ಹತ್ತಿದೆ. ತೆಂಗಿನಕಾಯಿಯಷ್ಟು ದೊಡ್ಡ ಬ್ಲೂಟೂತ್ ಸ್ಪೀಕರ್ ಒಂದಿತ್ತು. ಒಳಗೆ ಗುಡುಗುವ ಅದು ಬಯಲಿಗೆ ಬಂದರೆ ಸೊಳ್ಳೆ. ಸುತ್ತ ಗೋಡೆ ಇಲ್ಲದಿದ್ದರೆ ಬೇಸ್ ನಿಲ್ಲುವುದಿಲ್ಲ. ಖಾಲಿ ಸ್ಟೀಲ್ ಡಬರಿಯೊಳಗೆ ಇಟ್ಟು ನೋಡಿದೆ. ಸದ್ದೇನೋ ಜಾಸ್ತಿ ಆಯಿತು, ಜೋಯಿ ಮಾತ್ರ ಬಾವಿಯಲ್ಲಿ ಬಿದ್ದವನ ಹಾಗೆ ಕೂಗತೊಡಗಿದ. ನೀರಿನ ಟಾಕಿ ಮತ್ತು ಕಟ್ಟೆಗೋಡೆ ಕೂಡುವ ಮೂಲೆಯಲ್ಲಿ ನೆಲಕ್ಕೆ ಇಟ್ಟಾಗ ಸರಿ ಹೋಯಿತು. ಏಪ್ರಿಲ್ 5ರ ರಾತ್ರಿ 9ಕ್ಕೆ 9 ನಿಮಿಷ ದೀಪ ಹಚ್ಚಿದೆವಲ್ಲ, ಆವತ್ತು ನಾನು ಮೊದಲೇ ಲೆಕ್ಕ ಹಾಕಿಟ್ಟಿದ್ದೆ. ಆಲ್ಬಮ್ಮಿನ ಮೊದಲ ನಾಲ್ಕು ಹಾಡು 9 ನಿಮಿಷದೊಳಗೆ ಮುಗಿಯುತ್ತವೆ. ಸುತ್ತಲೂ ಹಣತೆ, ಮಧ್ಯೆ ರಮೋನ್ಸ್. ಯಾರೂ ಏನೂ ಅನ್ನಲಿಲ್ಲ. ಅದೇ ಧೈರ್ಯದಲ್ಲಿ ಮರುದಿನ ಸಂಜೆಯೂ ಹಚ್ಚಿದೆ. ಆಗ ಎಡಮನೆಯ ಕಾಕು ಕಿಟಕಿ ತೆಗೆದರು.

ಕಾಕು ಹಿಂದೂಸ್ತಾನಿ ಕಲಿಸುತ್ತಾರೆ. ಲಾಕ್‌ಡೌನಿನಲ್ಲಿ ಪಾಠವೆಲ್ಲ ಫೋನಿನಲ್ಲೇ. “ತಮ್ಮಾ, ಏಳು ಗಂಟೆಕ್ಕ ನನ್ನ ಕ್ಲಾಸ್ ಅದನೋ. ನೀ ಹಿಂಗ ಹಚ್ಚಿದ್ರ ಆ ಹುಡುಗ್ಯಾರಿಗೆ ನನ್ನ ಸಾ ಕೇಳಂಗಿಲ್ಲ.” ಜಗಳ ಆಗಲಿಲ್ಲ. ಆರೂವರೆಯಿಂದ ಏಳರ ತನಕ ನನಗೆ, ಏಳರ ಮೇಲೆ ಕಾಕೂಗೆ ಅಂತ ಹಂಚಿಕೊಂಡೆವು. 29 ನಿಮಿಷದ ಆಲ್ಬಂ ಮಾಡಿದವರಿಗೆ ಕೈ ಮುಗಿಯಬೇಕು ಅನ್ನಿಸಿದ್ದು ಆಗಲೇ. ಎಷ್ಟೋ ಸಂಜೆ ನನ್ನ ಕೊನೆಯ ಹಾಡಿನ ಹಿಂದೆಯೇ ಅವರ ಯಮನ್ ಶುರುವಾಗುತ್ತಿತ್ತು. ಇಯರ್‌ಫೋನಿಗಿಂತ ಮಾಳಿಗೆ ಹತ್ತು ಪಾಲು ವಾಸಿ. ಆದರೆ ಮೇ ತಿಂಗಳ ಅಡ್ಡಮಳೆ ಶುರುವಾದ ಮೇಲೆ ವಾರಕ್ಕೆ ಎರಡು ದಿನವೂ ಸಿಗಲಿಲ್ಲ.

ಲೈವ್ ಶೋ ಮೇಲೆ ನನಗೆ ಭಾರೀ ಆಸೆ ಇತ್ತು. ಬೋಸ್ಟನ್ನಿನ ಪಂಕ್ ಬ್ಯಾಂಡ್ ಡ್ರಾಪ್‌ಕಿಕ್ ಮರ್ಫೀಸ್ 2020ರ ಮೇ 29ರಂದು ಫೆನ್ವೇ ಪಾರ್ಕ್ ಬೇಸ್‌ಬಾಲ್ ಸ್ಟೇಡಿಯಂನಲ್ಲಿ, ಒಬ್ಬ ಪ್ರೇಕ್ಷಕನೂ ಇಲ್ಲದೆ, ಇಂಟರ್ನೆಟ್ಟಿಗಾಗಿಯೇ ನುಡಿಸಿದರು. ರಾಕ್ ಹಾಡುಗಾರ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಬೇರೆ ಕಡೆಯಿಂದ ಪರದೆ ಮೇಲೆ ಬಂದು ಜೊತೆಗೂಡಿದ. ಅಲ್ಲಿ ಸಂಜೆ ಅಂದ್ರೆ ನಮ್ಮಲ್ಲಿ ಮರುದಿನದ ನಸುಕು. ಅಲಾರಂ ಇಟ್ಟು ಎದ್ದೆ. ಚಹಾ ಮಾಡಿಕೊಂಡೆ. ಬೂಟು ಬೇರೆ ಹಾಕಿಕೊಂಡಿದ್ದೆ, ಶೋಗೆ ಹೋದ ಹಾಗೆ ಇರಲಿ ಅಂತ. ಮೊದಲ ಹಾಡಿಗೆ ಮೈ ಜುಮ್ ಅಂದಿದ್ದು ನಿಜ. ಆದರೆ ಹಾಡು ಮುಗಿದ ಕೂಡಲೇ ಒಂದು ಮೌನ ಬಂತು ನೋಡಿ. ಅಷ್ಟು ದೊಡ್ಡ ಸ್ಟೇಡಿಯಂ, ಚಪ್ಪಾಳೆ ಇಲ್ಲ, ಕೂಗಿಲ್ಲ. ಆ ಮೌನದಲ್ಲಿ ನಮ್ಮ ಓಣಿಯ ಹಾಲಿನವನ ಸೈಕಲ್ ಗಂಟೆ ಕೇಳಿಸಿತು. ಮುಕ್ಕಾಲು ಗಂಟೆ ಆಗುವಷ್ಟರಲ್ಲಿ ಚಕ್ರ ತಿರುಗತೊಡಗಿತು. ಬೆಳಗಾಗುವುದರೊಳಗೆ ಆ ದಿನದ ಡೇಟಾ ಖಾಲಿ. ತಂಗಿಯ ಆನ್‌ಲೈನ್ ಕ್ಲಾಸಿಗೆ ಬೇಕಾಗಿದ್ದ ಡೇಟಾ ಅದು. ಅವಳು ಎರಡು ದಿನ ಮಾತು ಬಿಟ್ಟಳು.

ಹೋಲಿಸಿ ನೋಡಿದರೆ, ಹೊಸ ಲೈವ್‌ಗಿಂತ ಹಳೇ ರೆಕಾರ್ಡಿಂಗೇ ಲೇಸು. ವಾಷಿಂಗ್ಟನ್ ಡಿ.ಸಿ.ಯ ಫುಗಾಝಿ ಬ್ಯಾಂಡಿನವರು ತಮ್ಮ 800ಕ್ಕೂ ಜಾಸ್ತಿ ಶೋಗಳ ರೆಕಾರ್ಡಿಂಗ್ ಕೂಡಿಟ್ಟಿದ್ದಾರೆ. ಅವನ್ನು 2011ರಿಂದ ಇಂಟರ್ನೆಟ್ಟಿನಲ್ಲಿ ಒಂದೊಂದಾಗಿ ಹಾಕುತ್ತ ಬಂದಿದ್ದಾರೆ. ಒಂದಕ್ಕೆ ಅವರು ಆಗ ಹೇಳುತ್ತಿದ್ದ ಬೆಲೆ 5 ಡಾಲರ್, ಆಗಿನ ಲೆಕ್ಕಕ್ಕೆ ಸುಮಾರು 375 ರೂಪಾಯಿ. ವಿಡಿಯೋ ಇಲ್ಲ, ಬರೀ ಸದ್ದು. ಆದರೆ ಅಲ್ಲಿ ಜನ ಇದ್ದಾರೆ. ಯಾರೋ ಕೆಮ್ಮುತ್ತಾರೆ, ಯಾರೋ ಕೂಗುತ್ತಾರೆ. ಕೆಮ್ಮು ಕೇಳಿ ಖುಷಿಯಾಗಿದ್ದು ಆ ವರ್ಷ ಅದೊಂದೇ ಸಲ ಇರಬೇಕು.

2021ರ ಎರಡನೇ ಅಲೆಯಲ್ಲಿ ಗಿಟಾರ್ ಹಿಡಿದೆ. ಮೂರು ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗುಂಪು) ಬಂದರೆ ಬ್ಯಾಂಡ್ ಕಟ್ಟಬಹುದು ಅಂತ ಪಂಕ್ ಮಂದಿ ಮೊದಲಿನಿಂದ ಹೇಳುತ್ತ ಬಂದಿದ್ದಾರೆ. ನನಗೆ ಎರಡೂವರೆ ಬರುತ್ತಿತ್ತು. ರಮೋನ್ಸ್ ಬ್ಯಾಂಡಿನ ಗಿಟಾರಿನವ ಜಾನಿ ರಮೋನ್ ಬಾರಿಸುವ ರೀತಿ ನೋಡೋಕೆ ಸುಲಭ. ಕೈ ಮೇಲಿನಿಂದ ಕೆಳಕ್ಕೆ ಮಾತ್ರ, ಒಂದೇ ಸಮ. ಮಾಡಿ ನೋಡಿ ಗೊತ್ತಾಗುತ್ತದೆ. ಎರಡನೇ ನಿಮಿಷಕ್ಕೆ ನನ್ನ ಮುಂಗೈ ಕಲ್ಲಾಯಿತು. ಮೂರನೇ ದಿನ ತೆಳ್ಳಗಿನ ತಂತಿ ಹರಿಯಿತು. ಆಗ ಬೆಳಗ್ಗೆ 6ರಿಂದ 10ರ ತನಕ ಅಂಗಡಿ ತೆರೆಯುತ್ತಿದ್ದವು. ಕಿರಾಣಿ, ಹಾಲು, ಕಾಯಿಪಲ್ಲೆ ಸಿಗುತ್ತಿತ್ತು, ಗಿಟಾರ್ ತಂತಿ ಯಾವ ಪಟ್ಟಿಯಲ್ಲೂ ಇರಲಿಲ್ಲ. ಪುಣ್ಯಕ್ಕೆ ಪಂಕಿಗೆ ಆ ತಂತಿ ಬೇಡವೇ ಬೇಡ. ಮೇಲಿನ ಮೂರು ದಪ್ಪ ತಂತಿ ಸಾಕು.

ಒಂದು ದಿನ ಕಾಕು ಮಾಸ್ಕ್ ಹಾಕಿಕೊಂಡು ಕಾಂಪೌಂಡ್ ಗೋಡೆ ಹತ್ತಿರ ನಿಂತು ಕೇಳಿದರು. ಬೈಯುತ್ತಾರೆ ಅಂತ ಕೈ ಬಿಟ್ಟೆ. “ನಿಲ್ಲಸಬ್ಯಾಡ, ಇನ್ನೊಮ್ಮೆ ಬಾರ್ಸು” ಅಂದರು. ಬಾರಿಸಿದೆ. ತಲೆ ಓರೆ ಮಾಡಿ ಕೇಳಿದರು. “ಇದರಾಗ ಗಾಂಧಾರನ ಇಲ್ಲಲ್ಲೋ? ಬರೇ ಸಾ-ಪಾ, ಸಾ-ಪಾ. ತಂಬೂರಿಗೆ ಸಿಟ್ಟು ಬಂದಂಗದ.”

ನಾನು ಹತ್ತು ವರ್ಷದಿಂದ ಪಂಕ್ ಕೇಳುತ್ತಿದ್ದೇನೆ, ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ. ಪವರ್ ಕಾರ್ಡ್ ಅಂದ್ರೆ ಅದೇ. ಸಾ, ಪಾ, ಮೇಲಿನ ಸಾ, ಮುಗೀತು. ಗಿಟಾರಿನ ಸದ್ದನ್ನು ಒಡೆಸಿ ಕಿರಿಚುವ ಹಾಗೆ ಮಾಡಿದಾಗ ಗಾಂಧಾರ ಸೇರಿದರೆ ಎಲ್ಲ ಕಲಸುಮೇಲೋಗರ ಆಗುತ್ತದೆ. ಅದಕ್ಕೇ ಅದನ್ನು ಬಿಟ್ಟುಬಿಡುತ್ತಾರೆ. ಆ ಒಂದು ಮಾತಿಗಾಗಿ ಗಿಟಾರಿಗೆ ಎರಡನೇ ಸ್ಥಾನ ಕೊಡುತ್ತೇನೆ. ಗೆಳೆಯನ ಜೊತೆ ವಿಡಿಯೋ ಕಾಲ್‌ನಲ್ಲಿ ಕೂಡಿ ಬಾರಿಸೋಕೆ ಹೋಗಿದ್ದನ್ನು ಲೆಕ್ಕಕ್ಕೆ ಹಿಡಿದರೆ ಆ ಸ್ಥಾನವೂ ಹೋದೀತು. ಹುಬ್ಬಳ್ಳಿಯ ಡ್ರಮ್ಮು ಧಾರವಾಡಕ್ಕೆ ಬರುವಷ್ಟರಲ್ಲಿ ಅರ್ಧ ತಾಳ ಹಿಂದೆ. ಅದರ ಮೇಲೆ, ಗದ್ದಲ ಕಂಡರೆ ಅಡಗಿಸುವ ಒಂದು ವ್ಯವಸ್ಥೆ ಈ ಕಾಲ್‌ಗಳಲ್ಲಿ ಇರುತ್ತದೆ. ಅದಕ್ಕೆ ನನ್ನ ಗಿಟಾರಿಗೂ ಪಕ್ಕದ ಮನೆಯ ಮಿಕ್ಸರಿಗೂ ವ್ಯತ್ಯಾಸ ತಿಳಿಯಲಿಲ್ಲ. ಅವನಿಗೆ ಕೇಳಿಸಿದ್ದು ನನ್ನ ಉಸಿರಾಟ ಮಾತ್ರ.

ಈಗ ಟೇಪ್‌ರೆಕಾರ್ಡರು. ಇದು ಅಟ್ಟದ ಮೇಲಿತ್ತು. ಅಪ್ಪನದು, ಒಂದೇ ಸ್ಪೀಕರಿನದು. ಕರೆಂಟ್ ಕೊಟ್ಟರೆ ಮೋಟಾರ್ ತಿರುಗುತ್ತದೆ, ಕ್ಯಾಸೆಟ್ ತಿರುಗುವುದಿಲ್ಲ. ಬಿಚ್ಚಿ ನೋಡಿದರೆ ಒಳಗಿನ ಬೆಲ್ಟ್ ಕರಗಿ ಡಾಂಬರಿನಂತೆ ಗಾಲಿಗೆ ಮೆತ್ತಿಕೊಂಡಿತ್ತು. ಆ ಕಪ್ಪು ಉಗುರಿನಿಂದ ಹೋಗಲು ನಾಲ್ಕು ದಿನ ಬೇಕಾಯಿತು. ಬೆಲ್ಟಿನ ಜಾಗಕ್ಕೆ ಸಾದಾ ರಬ್ಬರ್ ಬ್ಯಾಂಡ್ ಹಾಕಿದೆ. ಟೇಪ್ ತಾಗಿ ಓಡುವ ಹೆಡ್ ಒರೆಸೋಕೆ ಮನೆತುಂಬ ಸ್ಯಾನಿಟೈಸರ್ ಇತ್ತಲ್ಲ, ಅದನ್ನೇ ಹತ್ತಿಗೆ ಹಚ್ಚಿ ಒರೆಸಿದೆ. ತಪ್ಪು ಮಾಡಿದೆ. ಕೈ ಒಣಗದಿರಲಿ ಅಂತ ಅದರಲ್ಲಿ ಗ್ಲಿಸರಿನ್ ಹಾಕಿರುತ್ತಾರೆ. ಅದು ಹೆಡ್ ಮೇಲೆ ಕೂತು ಸದ್ದಿಗೆಲ್ಲ ಕಂಬಳಿ ಹೊದಿಸಿತು. ಮೆಡಿಕಲ್ ಶಾಪಿನಿಂದ ಸ್ಪಿರಿಟ್ ತಂದು ಮತ್ತೆ ಒರೆಸಿದೆ.

ಇನ್ನು ರೆಕಾರ್ಡಿಂಗ್. ಇದಕ್ಕಿರೋದು ಮೈಕಿನ ತೂತು ಮಾತ್ರ. ಫೋನಿನಿಂದ ವೈರ್ ಸಿಕ್ಕಿಸಿದರೆ ಮತ್ತೆ ಗಿಟಾರ್ ಮಾಯ! ಎರಡು ಕಡೆಯ ವೈರನ್ನು ಒಂದೇ ಕಡೆಯ ತೂತಿಗೆ ಸಿಕ್ಕಿಸಿದರೆ ಎಡಗಡೆಯದಷ್ಟೇ ಒಳಗೆ ಹೋಗುತ್ತದೆ. ಮೋನೋ ಸೆಟ್ಟಿಂಗ್ ಮತ್ತೆ ಕೈ ಹಿಡಿಯಿತು. ಮೈಕಿನ ತೂತಿಗೆ ಫೋನಿನ ಸದ್ದು ವಿಪರೀತ ಜಾಸ್ತಿ, ಹಾಗಾಗಿ ಎಲ್ಲ ಒಡೆದು ಕೆಸರು ಕೆಸರಾಗಿ ಬಂತು. ಸಂಸ್ಕೃತದಲ್ಲಿ ಪಂಕ ಅಂದ್ರೆ ಕೆಸರೇ ಅಲ್ವಾ. ರಬ್ಬರ್ ಬ್ಯಾಂಡಿನಿಂದಾಗಿ ಶ್ರುತಿ ತೂಗುಮಂಚ ಆಡುತ್ತಿತ್ತು. ಭೀಮಸೇನ ಜೋಶಿಯವರನ್ನು ಹೀಗೆ ರೆಕಾರ್ಡ್ ಮಾಡಿದರೆ ಗದಗಿನವರು ಬಂದು ಹೊಡೆದಾರು. ರಮೋನ್ಸ್‌ಗೆ ಮಾತ್ರ ಇದು ಹೇಳಿ ಮಾಡಿಸಿದ ಹಾಗಿತ್ತು. ಫೋನಿನಲ್ಲಿ ತೊಳೆದಿಟ್ಟಂತೆ ಇದ್ದ ಹಾಡು ಈಗ ಬೆವರಿದ ಹಾಗೆ ಕೇಳಿಸಿತು. ಬೆಂಗಳೂರಿನ ಶೋಗಳಲ್ಲಿ, ಸ್ಪೀಕರಿನ ಪಕ್ಕವೇ ನಿಂತಾಗ ಕೇಳುತ್ತಿದ್ದುದು ಇದೇ ಸದ್ದು. ಐದರಲ್ಲಿ ಮೊದಲ ಸ್ಥಾನ ಇದಕ್ಕೇ, ಎರಡನೇ ಮಾತಿಲ್ಲ. 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲು 30 ನಿಮಿಷ. ಆಲ್ಬಂ ಹಿಡಿದು ಒಂದು ನಿಮಿಷ ಮಿಗುತ್ತದೆ.

ಆ ಒಂದು ನಿಮಿಷದ ಕಥೆ ಹೇಳಬೇಕು. ಖಾಲಿ ಕ್ಯಾಸೆಟ್ ಇರಲಿಲ್ಲ. ಅಪ್ಪ-ಅವ್ವನ ಮದುವೆಯದೊಂದು ಸಿಕ್ಕಿತು. ಮೇಲೆ ಅಪ್ಪನ ಅಕ್ಷರದಲ್ಲಿ ‘ಎ: ಮದುವಿ, ಬಿ: ಖಾಲಿ’ ಅಂತ ಬರೆದಿತ್ತು. ಮಂಟಪಕ್ಕೆ ಬರುವ ಹೊತ್ತಿಗೇ ಟೇಪ್ ಮುಗಿದು ಅಕ್ಷತೆ ರೆಕಾರ್ಡೇ ಆಗಲಿಲ್ಲ ಅಂತ ಅವ್ವ ನನ್ನ ಚಿಕ್ಕಂದಿನಿಂದ ಹೇಳುತ್ತಿದ್ದಳು. ನಾನು ನಂಬಿಕೊಂಡು ಬಿ ಮಗ್ಗುಲಿಗೆ ರಮೋನ್ಸ್ ತುಂಬಿದೆ. ರಾತ್ರಿ ಊಟ ಆದ ಮೇಲೆ ಪಡಸಾಲೆಯಲ್ಲಿ ಜೋರಾಗಿ ಹಚ್ಚಿದೆ. ಅಪ್ಪ ಕಿವಿಗೆ ಟವೆಲ್ ಸುತ್ತಿಕೊಂಡರು. ಹದಿನಾಲ್ಕನೇ ಹಾಡು ಮುಗಿಯಿತು, ಕಟ್ ಅಂತ ಒಂದು ಸದ್ದು. ಹಿಂದೆಯೇ ಗುಂಪಿನ ನಡುವಿಂದ “ಸಾವಧಾನ” ಅಂತ ಒಂದು ದನಿ. ಅದರ ಮೇಲೆ ವಾಜಂತ್ರಿ, ಶ್ರುತಿ ಗಿತಿ ನೋಡದೆ, ಇದ್ದ ಬಲವೆಲ್ಲ ಹಾಕಿ.

ಅಪ್ಪ ಟವೆಲ್ ತೆಗೆದರು. ಅವ್ವ ಅಡುಗೆಮನೆಯಿಂದ ಒದ್ದೆ ಕೈಯಲ್ಲೇ ಬಂದು ನಿಂತಳು. ಯಾರೋ ಪುಣ್ಯಾತ್ಮರು ಆವತ್ತು ಕ್ಯಾಸೆಟ್ ತಿರುವಿ ಹಾಕಿದ್ದರು. ಅಪ್ಪ ತಿರುವಿ ಕೇಳದೆಯೇ ‘ಖಾಲಿ’ ಅಂತ ಬರೆದಿದ್ದರು. ಮದುವೆಯ 29 ನಿಮಿಷ ಹೋಯಿತು, ಒಂದು ನಿಮಿಷ ಉಳಿಯಿತು. ಬೈಗುಳಕ್ಕೆ ತಯಾರಾಗಿ ಕೂತೆ. ಅವ್ವ ನನ್ನನ್ನು ಬಿಟ್ಟು ಅಪ್ಪನ ಕಡೆ ತಿರುಗಿದಳು. ಆ ಮಾತುಕತೆ ಇಲ್ಲಿ ಬೇಡ.

ಟೇಪಿನಲ್ಲಿ ಸರಿಯಾಗಿ ಆ ಜಾಗಕ್ಕೇ ಹೋಗಿ ನಿಲ್ಲಲು ಬರುವುದಿಲ್ಲ. ಹಿಂದಕ್ಕೆ ತಿರುಗಿಸಿದರೆ ಪ್ರತಿಸಲ ರಮೋನ್ಸ್‌ನ ಕೊನೆಯ ಹಾಡಿನ ಬಾಲಕ್ಕೇ ಹೋಗಿ ನಿಲ್ಲುತ್ತದೆ. ಆ ತಿಂಗಳೆಲ್ಲ ಮಧ್ಯಾಹ್ನ ಅವ್ವ ತಾನೇ ಗುಂಡಿ ಒತ್ತಿಕೊಂಡು ಕೂರುತ್ತಿದ್ದಳು. ನಾನು ಒಳಗೆ ಆಫೀಸಿನ ಮೀಟಿಂಗಿನಲ್ಲಿ ಇರುತ್ತಿದ್ದೆ. ಜೋಯಿಯ ದನಿ ಕೇಳುತ್ತಿತ್ತು, ಆಮೇಲೆ ಅವ್ವ ಅಪ್ಪನನ್ನು ಕರೆಯೋದು: “ಬರ್ರಿ ಲಗೂನ, ಅಂವ ಒದರೋದು ಮುಗೀತು. ಇನ್ನ ಅಕ್ಷತಿ.”