ಗೋಡೆಯ ಪಾಚಿಯೊಳಗಿನ ಪ್ರಾಣಿಗಳನ್ನು ತೋರಿಸಿದ ಕಾಗದದ ಸೂಕ್ಷ್ಮದರ್ಶಕ

ಮಳೆಗಾಲದಲ್ಲಿ ಕಾಂಪೌಂಡ್ ಗೋಡೆಯ ಮೇಲೆ ಹಸಿರಾಗಿ ಹಬ್ಬಿ, ಬೇಸಿಗೆಯಲ್ಲಿ ಮುದುಡಿ ಕಂದು ಬಣ್ಣಕ್ಕೆ ತಿರುಗುವ ಪಾಚಿಯಲ್ಲಿ ಬಾಯಿ, ಹೊಟ್ಟೆ, ಮಿದುಳು ಎಲ್ಲವೂ ಇರುವ ಪ್ರಾಣಿಗಳು ವಾಸಿಸುತ್ತವೆ ಎಂದು ಓದಿದ್ದೆನೇ ಹೊರತು, ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕ ಕೈಗೆ ಬರುವವರೆಗೂ ಅವನ್ನು ಕಣ್ಣಾರೆ ಕಂಡಿರಲಿಲ್ಲ. ಎರಡು ಮಳೆಗಾಲ ಅದನ್ನು ಬಳಸಿದ ಅನುಭವದಿಂದ ಇದನ್ನು ಬರೆಯುತ್ತಿದ್ದೇನೆ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿ, 2014ರಲ್ಲಿ ವಿವರ ಪ್ರಕಟಿಸಿದ ಉಪಕರಣವಿದು. ಗಟ್ಟಿ ಕಾಗದದ ತುಂಡುಗಳನ್ನು ಮಡಚಿ ಜೋಡಿಸಿ, ಪುಟ್ಟ ಮಸೂರವೊಂದನ್ನು ಕೂರಿಸಿದರೆ ವಸ್ತುಗಳು ಸುಮಾರು 140 ಪಟ್ಟು ದೊಡ್ಡದಾಗಿ ಕಾಣುತ್ತವೆ. ಆರನೇ ತರಗತಿಯಲ್ಲಿ ಓದುವ ನನ್ನ ಅಣ್ಣನ ಮಗಳು ಹೆಚ್ಚು ನೆರವಿಲ್ಲದೆ ಇದನ್ನು ಜೋಡಿಸಿದಳು. ನೋಡುವುದಕ್ಕೆ ಮಾತ್ರ ತಾಳ್ಮೆ ಬೇಕು: ಕಣ್ಣನ್ನು ಮಸೂರಕ್ಕೆ ತೀರ ಹತ್ತಿರ ತಂದು, ಬೆಳಕಿನ ಕಡೆಗೆ ಮುಖ ಮಾಡಿ, ಬೆರಳುಗಳಿಂದ ಕಾಗದವನ್ನು ಕೂದಲೆಳೆಯಷ್ಟು ಸರಿಸುತ್ತಾ ಚಿತ್ರವನ್ನು ಸ್ಪಷ್ಟಗೊಳಿಸುವುದು ಎರಡು ಮೂರು ದಿನಗಳ ಅಭ್ಯಾಸವಿಲ್ಲದೆ ಕೈಗೆ ಹತ್ತುವುದಿಲ್ಲ.

ಒಣ ಪಾಚಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹಿಂಡಿ, ಬಂದ ನೀರಿನ ಒಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ಹಾಕಿದೆವು. ಮೊದಲು ಕಂಡದ್ದು ರೋಟಿಫರ್. ತಲೆಯ ತುದಿಯಲ್ಲಿ ಎರಡು ಚಕ್ರಗಳು ತಿರುಗುತ್ತಿರುವಂತೆ ತೋರಿದರೂ ಅವು ಚಕ್ರಗಳಲ್ಲ, ಒಂದರ ಹಿಂದೊಂದು ಬಡಿಯುವ ರೋಮಗಳ ಸಾಲು. ಈ ಪ್ರಾಣಿಯ ಇಡೀ ದೇಹದಲ್ಲಿರುವುದು ಸುಮಾರು 1000 ಜೀವಕೋಶಗಳು. ಮೊಟ್ಟೆಯೊಡೆದು ಬಂದ ಮೇಲೆ ಅವುಗಳ ಸಂಖ್ಯೆ ಹೆಚ್ಚುವುದಿಲ್ಲ. ಇದ್ದ ಕೋಶಗಳೇ ಹಿಗ್ಗಬೇಕು, ಆದ್ದರಿಂದ ಅದರ ಬೆಳವಣಿಗೆಗೆ ಹುಟ್ಟಿನಲ್ಲೇ ಮಿತಿ ಬಿದ್ದಿರುತ್ತದೆ.

ನೀರುಕರಡಿ ಸಿಕ್ಕಿದ್ದು ಹನ್ನೊಂದನೆಯ ಹನಿಯಲ್ಲಿ. ಎಂಟು ಮೋಟು ಕಾಲುಗಳಿಂದ ತಡವರಿಸುತ್ತಾ ನಡೆಯುವ, ಅರ್ಧ ಮಿಲಿಮೀಟರನ್ನೂ ಮುಟ್ಟದ ಈ ಪ್ರಾಣಿಗೆ ಹೃದಯವಿಲ್ಲ, ಶ್ವಾಸಾಂಗವಿಲ್ಲ. ಆಮ್ಲಜನಕ ಚರ್ಮದ ಮೂಲಕವೇ ಒಳಗೆ ಇಳಿಯುತ್ತದೆ. ದೇಹದ ಉದ್ದ, ಅಗಲ, ಎತ್ತರಗಳು ಎರಡು ಪಟ್ಟಾದರೆ ಚರ್ಮ ನಾಲ್ಕು ಪಟ್ಟಾಗುತ್ತದೆ, ಉಸಿರು ಬೇಡುವ ಒಳಭಾಗ ಎಂಟು ಪಟ್ಟಾಗುತ್ತದೆ. ಆಮ್ಲಜನಕ ಎರಡರಷ್ಟು ದೂರ ಇಂಗಲು ನಾಲ್ಕರಷ್ಟು ಸಮಯ ಹಿಡಿಯುತ್ತದೆ. ಹೃದಯವನ್ನೂ ಶ್ವಾಸಾಂಗವನ್ನೂ ಕಟ್ಟಿಕೊಳ್ಳದೆ ಬದುಕಬೇಕಾದರೆ ಗಾತ್ರವನ್ನು ಹಿಡಿತದಲ್ಲಿಟ್ಟುಕೊಳ್ಳಲೇಬೇಕು. ಜೊತೆಗೆ ಪಾಚಿಯ ಎಲೆಗಳ ನಡುವಿನ ತೆಳು ನೀರಿನ ಪೊರೆಯೇ ಅದರ ಕೆರೆ, ಅದರ ಹೊಲ. ದೊಡ್ಡ ದೇಹಕ್ಕೆ ಅಲ್ಲಿ ಜಾಗವಿಲ್ಲ. ಆ ಪೊರೆ ಆರಿದರೆ ನೀರುಕರಡಿ ಮುದುಡಿ, ಬಹುಪಾಲು ನೀರನ್ನು ಕಳೆದುಕೊಂಡು, ಮುಂದಿನ ಮಳೆಯವರೆಗೆ ಕಾಯುತ್ತದೆ.

ಈ ಗಾತ್ರದ ಜೀವಿಗಳಿಗೆ 140 ಪಟ್ಟು ಹೇಳಿ ಮಾಡಿಸಿದ ಹಾಗಿದೆ. ನಾನು ಈ ಉಪಕರಣವನ್ನು ಮೆಚ್ಚುವುದು ಅಗ್ಗ ಎಂಬುದಕ್ಕಿಂತ ಹೆಚ್ಚಾಗಿ ಈ ಹೊಂದಿಕೆಗಾಗಿ. ನೀರುಕರಡಿಯ ಉಗುರು ಕಾಣುತ್ತದೆ, ಅದರ ಹೊಟ್ಟೆಯೊಳಗಿನ ಹಸಿರು ಆಹಾರವೂ ಕಾಣುತ್ತದೆ. ಇದು ತೋರಿಸಬಲ್ಲ ವಿವರ ಸುಮಾರು 2 ಮೈಕ್ರಾನ್‌ವರೆಗಿನದಾದ್ದರಿಂದ (ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ) ರೋಟಿಫರಿನ ಒಂದೊಂದು ರೋಮವನ್ನೂ ಬಿಡಿಬಿಡಿಯಾಗಿ ನೋಡಲಾಗದು, ಬ್ಯಾಕ್ಟೀರಿಯಾದ ಅಧ್ಯಯನಕ್ಕೂ ಇದು ಸಾಲದು. ದೃಷ್ಟಿಗೆ ಸಿಗುವ ವೃತ್ತ ಕಿರಿದಾದ್ದರಿಂದ ಪ್ರಾಣಿ ಬೇಗನೆ ಅಂಚು ದಾಟಿ ಹೋಗುತ್ತದೆ. ಮೊಬೈಲ್ ಕ್ಯಾಮೆರಾಕ್ಕೆ ಆಯಸ್ಕಾಂತದಿಂದ ಅಂಟಿಸಿಕೊಂಡರೆ ಮನೆಯವರೆಲ್ಲ ಒಟ್ಟಿಗೆ ನೋಡಬಹುದು. ಶಾಲೆಗಳಿಗೆ ನಾನು ಶಿಫಾರಸು ಮಾಡುವುದು ಈ ವಿಧಾನವನ್ನೇ.

ಕೊಳ್ಳುವವರು ಮಳೆಗಾಲ ಮುಗಿಯುವ ಮುನ್ನ ಬೇರೆ ಬೇರೆ ಗೋಡೆಗಳ ಪಾಚಿಯನ್ನು ನೆರಳಿನಲ್ಲಿ ಒಣಗಿಸಿ, ಕಾಗದದ ಲಕೋಟೆಗಳಲ್ಲಿ ಹಾಕಿ, ಜಾಗದ ಹೆಸರು ಬರೆದಿಡಲಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ.