ಓದು ಬಿಟ್ಟ ಗೆಳೆಯರಿಗೆ ಯಾವುದು ಕೊಡಲಿ: ‘ಕರ್ವಾಲೊ’ನಾ, ‘ಘಾಚರ್ ಘೋಚರ್’ ಆ?

ವರ್ಷಗಟ್ಟಲೆ ಕನ್ನಡ ಪುಸ್ತಕ ಮುಟ್ಟದವರು ‘ಒಂದು ಹೇಳಿ’ ಎಂದರೆ ನನಗೆ ಈ ಎರಡೇ ನೆನಪಾಗುತ್ತವೆ. ಎರಡೂ ಚಿಕ್ಕವು. ಒಂದು ಭಾನುವಾರ ಸಾಕು.

ತೇಜಸ್ವಿಯವರ ‘ಕರ್ವಾಲೊ’ 1980ರದ್ದು. ಮಲೆನಾಡು, ಜೇನು, ಕಿವಿ ಎಂಬ ನಾಯಿ, ಹಾರುವ ಓತಿಯ ಹುಡುಕಾಟ. ಊರವರ ಕಣ್ಣಿಗೆ ಪೆದ್ದನಾದ ಮಂದಣ್ಣನಲ್ಲಿ ವಿಜ್ಞಾನಿಯೊಬ್ಬರು ಹುಟ್ಟು ಸಂಶೋಧಕನನ್ನು ಕಾಣುತ್ತಾರೆ. ನಗು ಜಾಸ್ತಿ. ಆದರೆ ಕಾಡಿಗೆ ಹೊರಡುವವರೆಗೆ ಕತೆ ಅಲ್ಲಿ ಇಲ್ಲಿ ಸುತ್ತಾಡುತ್ತದೆ. ಆ ಸುತ್ತಾಟವೇ ನನಗಿಷ್ಟ. ಅವಸರದವರಿಗೆ ಹಿಡಿಸಲಿಕ್ಕಿಲ್ಲ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಬೆಂಗಳೂರಿನದು. ಇಕ್ಕಟ್ಟಿನ ಮನೆಯಲ್ಲಿ ಇರುವೆಗಳ ಜೊತೆ ಹೋರಾಡುತ್ತಿದ್ದ ಕುಟುಂಬಕ್ಕೆ ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರ್ ದುಡ್ಡು ಬರುತ್ತದೆ. ಆಮೇಲೆ ಮನೆಯವರೇ ಬದಲಾಗುತ್ತಾರೆ. ಕತೆ ಹೇಳುವವನು ಕಾಫಿ ಹೌಸಿನಲ್ಲಿ ಸುಮ್ನೆ ಕೂತಿರುತ್ತಾನೆ. ಜೋರಾಗಿ ಏನೂ ಆಗುವುದಿಲ್ಲ, ಆದರೂ ಎದೆ ಹಿಂಡುತ್ತದೆ. ಕೊನೆಯ ಪುಟ ಓದಿ ನಾನು ಮತ್ತೆ ಮೊದಲಿಗೆ ಹೋದೆ. ಇದರಲ್ಲಿ ಎಲ್ಲವನ್ನೂ ಬಿಡಿಸಿ ಹೇಳುವುದಿಲ್ಲ. ‘ಆಮೇಲೆ ಏನಾಯ್ತು?’ ಎಂದು ಕೇಳುವವರಿಗೆ ಸಿಟ್ಟು ಬರಬಹುದು.

ಹದಿನೈದರ ಮಗಳಿಗೋ, ಅಪ್ಪನಿಗೋ ಆದರೆ ಕಣ್ಣು ಮುಚ್ಚಿ ‘ಕರ್ವಾಲೊ’ ಕೊಡಿ. ಕೂಡು ಕುಟುಂಬಕ್ಕೆ ಹೊಸದಾಗಿ ಕಾಲಿಟ್ಟ ಗೆಳತಿಗೆ ‘ಘಾಚರ್ ಘೋಚರ್’ ಕೊಡಬಹುದು, ಆದರೆ ಅತ್ತೆಯ ಕೈಗೆ ಸಿಗದ ಹಾಗೆ! ಕನ್ನಡ ಓದಲು ಬಾರದ ಸಹೋದ್ಯೋಗಿ ಇದ್ದರೆ, ಶ್ರೀನಾಥ್ ಪೇರೂರ್ ಮಾಡಿದ ಅದರ ಇಂಗ್ಲಿಷ್ ಅನುವಾದವೂ ಇದೆ.