ಕೂಸಿನ ವಾರ್ಡಿಗೆ ಮನೆಯವರೂ ಬರಲಿ: ಕುಟುಂಬ ಸಹಭಾಗಿ ಆರೈಕೆ ಹೇಗಿದೆ?

ತೂಕ ಕಡಿಮೆ ಇರುವ ಕೂಸು ಹುಟ್ಟಿತೆಂದರೆ ರೋಣ, ಶಿರಹಟ್ಟಿಯವರು ಗದಗಕ್ಕೆ, ಹಾನಗಲ್ಲ, ಹಿರೇಕೆರೂರಿನವರು ಹಾವೇರಿಗೆ, ಕಲಘಟಗಿ, ಕುಂದಗೋಳದವರು ಹುಬ್ಬಳ್ಳಿಗೆ ಧಾವಿಸುತ್ತಾರೆ. ಕೂಸು ಎಸ್‌ಎನ್‌ಸಿಯು, ಅಂದರೆ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದ ಒಳಗೆ, ಮನೆಯವರು ಹೊರಗೆ ಕಟ್ಟೆಯ ಮೇಲೆ. ಈ ಹಳೆಯ ಪದ್ಧತಿ ತಪ್ಪಿಸಲೆಂದೇ ಕೇಂದ್ರ ಆರೋಗ್ಯ ಸಚಿವಾಲಯ 2017ರಲ್ಲಿ ಕುಟುಂಬ ಸಹಭಾಗಿ ಆರೈಕೆಯ ಮಾರ್ಗಸೂಚಿ ತಂದಿತು. ತಾಯಿ, ತಂದೆ, ಅಜ್ಜಿ ಒಳಗೆ ಬಂದು ಕೆಲಸ ಕಲಿತು, ನರ್ಸ್ ಕಣ್ಣೆದುರೇ ಮಾಡಬೇಕು. ದುಡ್ಡು ಕೊಡಬೇಕಾಗಿಲ್ಲ, ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಬಿದ್ದ ಕೂಸಿನ ಚಿಕಿತ್ಸೆ ಒಂದು ವರ್ಷದವರೆಗೆ ಉಚಿತ.

ಒಟ್ಟು ನಾಲ್ಕು ಪಾಠ: ಕೈತೊಳೆದು ಒಳಬರುವುದು, ಕೂಸನ್ನು ಮಲಗಿಸಿ ಹಾಲು ಕುಡಿಸಿ ಸ್ವಚ್ಛ ಮಾಡುವುದು, ಕಾಂಗರೂ ಆರೈಕೆ, ಮನೆಗೆ ಹೋಗುವ ತಯಾರಿ. ಮೊದಲನೆಯದು ಸಾಮಾನ್ಯವಾಗಿ ಚೆನ್ನಾಗಿಯೇ ನಡೆಯುತ್ತದೆ. ಬಳೆ, ಉಂಗುರ, ವಾಚು ತೆಗೆದು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯಬೇಕು. ಕೆಡುವುದು ಆಮೇಲೆ: ತೊಳೆದ ಕೈಯನ್ನು ಸೀರೆಯ ಸೆರಗಿಗೆ ಒರೆಸಿಕೊಂಡರೆ, ಇಲ್ಲವೇ ಮೊಬೈಲ್ ಮುಟ್ಟಿದರೆ ತೊಳೆದದ್ದು ವ್ಯರ್ಥ.

ಇಡೀ ಸೇವೆಯ ಜೀವಾಳ ಮೂರನೇ ಪಾಠ, ಕೂಸನ್ನು ಎದೆಗಪ್ಪಿ ಬೆಚ್ಚಗಿಡುವ ಕಾಂಗರೂ ಆರೈಕೆ. ಕೂಸಿಗೆ ಕುಲಾಯಿ, ಕಾಲುಚೀಲ, ಲಂಗೋಟಿ ಬಿಟ್ಟರೆ ಬೇರೆ ಬಟ್ಟೆ ಇರಬಾರದು. ತಾಯಿಯ ಎದೆಯ ನಡುವೆ ನೆಟ್ಟಗೆ, ಚರ್ಮಕ್ಕೆ ಚರ್ಮ ತಾಗುವಂತೆ ಇಟ್ಟು, ಕಾಲು ಕಪ್ಪೆಯಂತೆ ಮಡಚಿ, ಮುಖ ಒಂದು ಬದಿಗೆ ತಿರುಗಿಸಬೇಕು. ಗದ್ದ ಎದೆಗೆ ಒತ್ತಿದರೆ ಉಸಿರಿನ ದಾರಿ ಮುಚ್ಚುತ್ತದೆ, ಅದಕ್ಕೇ ತಲೆ ತುಸು ಮೇಲೆತ್ತಿರಲಿ. ಮೇಲಿಂದ ಬಟ್ಟೆ ಕಟ್ಟಿ, ಒರಗಿ ಕೂರಬೇಕು. ಒಮ್ಮೆ ಕೂತರೆ ಕನಿಷ್ಠ ಒಂದು ತಾಸು. ಹತ್ತು ನಿಮಿಷಕ್ಕೆ ತೆಗೆದು ಮತ್ತೆ ಇಟ್ಟರೆ ಕೂಸಿಗೆ ಆಯಾಸವೇ ಹೊರತು ಲಾಭವಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 8ರಿಂದ 24 ತಾಸು. ಅಷ್ಟು ಹೊತ್ತು ಬಾಣಂತಿ ಒಬ್ಬಳಿಂದ ಆಗದ ಮಾತು. ತಂದೆಯೂ ಅಜ್ಜಿಯೂ ಪಾಳಿ ಹಿಡಿಯಲೇಬೇಕು.

ಇದು ಬಡವರ ಇನ್‌ಕ್ಯುಬೇಟರ್ ಎಂದು ಮೂಗು ಮುರಿಯುವವರಿದ್ದಾರೆ. ಐದು ದೇಶಗಳಲ್ಲಿ 1ರಿಂದ 1.8 ಕೆ.ಜಿ. ಒಳಗಿನ 3,211 ಕೂಸುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನವನ್ನು ಅವರು ನೋಡಬೇಕು. ಹುಟ್ಟಿದ ಕೂಡಲೇ ಎದೆಗೆ ಹಾಕಿಕೊಂಡ ಗುಂಪಿನಲ್ಲಿ 28 ದಿನದೊಳಗಿನ ಸಾವು 12 ಶೇಕಡಾ, ಕೂಸು ಸ್ಥಿರವಾದ ಮೇಲೆ ಶುರು ಮಾಡಿದ ಗುಂಪಿನಲ್ಲಿ 15.7. ಭಾರತದಲ್ಲಿ ಅದು ನಡೆದದ್ದು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ. ನಮ್ಮ ಮಗ್ಗುಲ ಕೊಪ್ಪಳ ಜಿಲ್ಲೆಯಲ್ಲೂ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆಯ ಸಂಶೋಧಕರು ಈ ಪದ್ಧತಿಯನ್ನು ಜಿಲ್ಲೆಯುದ್ದಕ್ಕೂ ಹಬ್ಬಿಸುವ ದಾರಿ ಹುಡುಕಿದ್ದಾರೆ.

ಹಾಲಿನ ವಿಷಯ. ಚೀಪುವ ಶಕ್ತಿ ಬರುವವರೆಗೆ ಹಿಂಡಿದ ಎದೆಹಾಲನ್ನು ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲು) ಕುಡಿಸಬೇಕು, ಬಾಟಲಿ ಬೇಡವೇ ಬೇಡ. ಕೂಸನ್ನು ಅರೆಕೂತಂತೆ ಹಿಡಿದು, ಒಳಲೆಯ ಮೂತಿ ಬಾಯಿಯ ಮೂಲೆಗೆ ಇಟ್ಟು, ಹನಿ ನುಂಗಿದ ಮೇಲೆ ಮತ್ತೊಂದು ಹನಿ. ಗಡಿಬಿಡಿ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ.

ಈ ಸೇವೆ ಎಲ್ಲಿ ಮುಗ್ಗರಿಸುತ್ತದೆ? ಒಂದು, ಪಾಠದ ಹೊತ್ತಿನಲ್ಲಿ. ನಾಲ್ಕೂ ಪಾಠವನ್ನು ಡಿಸ್ಚಾರ್ಜ್ ದಿನವೇ, ಕಾಗದಪತ್ರದ ಗಲಾಟೆಯಲ್ಲಿ ಒಂದೇ ಉಸಿರಿಗೆ ಹೇಳಿದರೆ ಮನೆ ಮುಟ್ಟುವಷ್ಟರಲ್ಲಿ ಏನೂ ಉಳಿದಿರುವುದಿಲ್ಲ. ಎರಡು, ಕೇಳುವ ರೀತಿಯಲ್ಲಿ. "ತಿಳೀತೇನ್ರೀ?" ಅಂದರೆ ಯಾರೂ ಇಲ್ಲ ಅನ್ನುವುದಿಲ್ಲ. "ಒಂದ್ ಸಲ ನೀವ ಮಾಡಿ ತೋರಸ್ರಿ" ಅನ್ನುವ ನರ್ಸ್ ಇದ್ದರೆ ಅದು ಒಳ್ಳೆಯ ವಾರ್ಡು, ಗೋಡೆಯ ಚಾರ್ಟು ಹರಿದಿದ್ದರೂ ಸರಿ. ಮೂರು, ಗಂಡಸರು. ಹೆಂಗಸರ ನಡುವೆ ಅಂಗಿ ಬಿಚ್ಚಿ ಕೂರಲು ಯಾವ ಅಪ್ಪನೂ ಮುಂದೆ ಬರುವುದಿಲ್ಲ. ಒಂದು ಪರದೆ, ಒಂದು ಒರಗುಕುರ್ಚಿ ಸಾಕು, ಅದನ್ನೇ ಮರೆಯುತ್ತಾರೆ.

ನಾಲ್ಕನೇ ಪಾಠಕ್ಕೆ ಅಜ್ಜಿಯನ್ನು ಕರೆಯದಿದ್ದರೆ ಉಳಿದ ಮೂರೂ ನೀರಿನಲ್ಲಿ ಮಾಡಿದ ಹೋಮ. ತವರಿನ ಬಾಣಂತಿ ಕೋಣೆಯಲ್ಲಿ ನಡೆಯುವುದು ಅವಳ ಮಾತೇ. ಲೋಬಾನದ ಹೊಗೆ, ಬೇರು ತೇದು ಕುಡಿಸುವ ಗುಟ್ಟಿ, ಜೇನು, ಎಣ್ಣೆ ಹಚ್ಚಿ ಬಿಸಿನೀರು ಎರೆಯುವುದು, ಇದರಲ್ಲಿ ಯಾವುದು ಏಕೆ ಬೇಡ ಎಂದು ಅವಳಿಗೇ ಬಿಡಿಸಿ ಹೇಳಬೇಕು. ಎಳೆ ಶ್ವಾಸಕೋಶಕ್ಕೆ ಹೊಗೆ ತಡೆಯದು, 2 ಕೆ.ಜಿ. ದಾಟುವವರೆಗೆ ನೀರೆರೆದರೆ ಮೈ ತಣ್ಣಗಾಗುತ್ತದೆ, ಒರೆಸಿದರೆ ಸಾಕು. ಕುಂಚಿಗೆ ಕಟ್ಟಿ ಬೆಚ್ಚಗಿಡುವ ಅವಳ ರೂಢಿಯನ್ನಂತೂ ಹೊಗಳಲೇಬೇಕು.

ಬಿಡುಗಡೆಗೆ ಮುನ್ನ ಕೇಳಿ ಬರೆಸಿಕೊಳ್ಳಿ: ಇವತ್ತಿನ ತೂಕ, ಒಂದು ಸಲಕ್ಕೆ ಎಷ್ಟು ಎಂ.ಎಲ್. ಹಾಲು, ಮತ್ತೆ ತೋರಿಸುವ ದಿನ. ಕೂಸು ಹಾಲು ಕುಡಿಯುವುದನ್ನು ಬಿಟ್ಟರೆ, ನಿಮಿಷಕ್ಕೆ ಉಸಿರು 60 ಮುಟ್ಟಿದರೆ, ಪಕ್ಕೆ ಒಳಸೇದಿದರೆ, ಫಿಟ್ಸ್ ಬಂದರೆ, ಅಂಗಾಲು ಹಳದಿಯಾದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಫೋನ್ ಮಾಡಿ. ಬಾಣಂತಿ ಗಂಡನ ಮನೆಗಲ್ಲ, ತವರಿಗೆ ಹೋಗುವುದಾದರೆ ಆ ಊರಿನ ಆಶಾ ಕಾರ್ಯಕರ್ತೆಗೆ ಮೊದಲೇ ತಿಳಿಸಿ; ಇಲ್ಲದಿದ್ದರೆ ಗಂಡನ ಊರಿನ ಆಶಾ ಹುಡುಕಿಕೊಂಡು ಹೋಗುವುದು ಬೀಗ ಹಾಕಿದ ಮನೆಗೆ.